ಲೇಸರೋ, ಫೇಕೋನೋ: ಪೊರೆ ಆಪರೇಷನ್‌ಗೆ ಮುಂಚೆ ನಾನು ನೋಡುವುದು

"ದುಡ್ಡು ಎಷ್ಟಾದ್ರೂ ಆಗ್ಲಿ ಡಾಕ್ಟ್ರೇ, ಲೇಸರ್‌ನಲ್ಲೇ ಮಾಡಿ." ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಶಿವಮೊಗ್ಗಕ್ಕೆ ಕಣ್ಣು ತೋರಿಸಲು ಬರುವವರಲ್ಲಿ ಈ ಮಾತು ಹೇಳದವರು ಕಡಿಮೆ. ಅವರಲ್ಲಿ ಬಹಳಷ್ಟು ಜನ ಲೇಸರ್ ಅಂದುಕೊಂಡಿರುವುದು ಫೇಕೋವನ್ನು. ಫೇಕೋದಲ್ಲಿ ಪೊರೆಯನ್ನು ಪುಡಿ ಮಾಡುವುದು ಅಲ್ಟ್ರಾಸೌಂಡ್ ಕಂಪನ. ಅಮೆರಿಕದ ಕಣ್ಣಿನ ಡಾಕ್ಟರ್ ಚಾರ್ಲ್ಸ್ ಕೆಲ್ಮನ್ 1967ರಲ್ಲೇ ಅದನ್ನು ಶುರು ಮಾಡಿದ್ದರು. ಪೊರೆಗೆ ಫೆಮ್ಟೋಸೆಕೆಂಡ್ ಲೇಸರ್ (ತೀರಾ ಚಿಕ್ಕ ಮಿಡಿತಗಳಲ್ಲಿ ಬೆಳಕು ಬಿಡುವ ಲೇಸರ್) ಬಳಕೆ 2008ರಲ್ಲಿ ಹಂಗೇರಿಯಲ್ಲಿ ಆರಂಭವಾಯಿತು. ಅದು ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು, ಸೀಳುತ್ತದೆ, ಕಣ್ಣೊಳಗಿನ ಲೆನ್ಸನ್ನು ಸುತ್ತಿರುವ ತೆಳು ಚೀಲವನ್ನು ದುಂಡಗೆ ಕತ್ತರಿಸುತ್ತದೆ, ಪೊರೆಯನ್ನು ಹೋಳು ಮಾಡುತ್ತದೆ. ಹೋಳುಗಳನ್ನು ಹೀರಿ ತೆಗೆಯಲು ಮತ್ತೆ ಫೇಕೋ ಪ್ರೋಬನ್ನೇ ಹಿಡಿಯಬೇಕು.

ಆ ದುಂಡಗಿನ ಕಿಂಡಿಯನ್ನು ನಾನು ಕೈಯಲ್ಲೇ ಮಾಡುತ್ತೇನೆ. ಚೀಲದ ನಡುವೆ ಸೂಜಿಯಿಂದ ಚುಚ್ಚಿ, ಎದ್ದ ಅಂಚನ್ನು ಫೋರ್ಸೆಪ್ಸ್‌ನಲ್ಲಿ ಹಿಡಿದು, ಮಡಚಿ, ಸುತ್ತಲೂ ಹರಿಯುತ್ತ ಬರಬೇಕು. ಅಗಲ ಸುಮಾರು 5 ಮಿಲಿಮೀಟರ್. ಹರಿದ ಗೆರೆ ಹೊರಗಡೆ ಓಡುವ ಸೂಚನೆ ಕಂಡರೆ ನಿಲ್ಲಿಸಿ, ಜೆಲ್ ತುಂಬಿ, ಅಂಚನ್ನು ಹೊಸದಾಗಿ ಹಿಡಿಯುತ್ತೇನೆ. ಪೊರೆ ಪೂರ್ತಿ ಬೆಳ್ಳಗಾಗಿದ್ದರೆ ಚೀಲ ಕಾಣುವುದೇ ಇಲ್ಲ, ಟ್ರಿಪಾನ್ ಬ್ಲೂ ಎಂಬ ಬಣ್ಣ ಹಾಕಿದ ಮೇಲೆ ನೀಲಿಯಾಗಿ ಎದ್ದು ಕಾಣುತ್ತದೆ. ಲೇಸರ್ ಈ ಕಿಂಡಿಯನ್ನು ಇನ್ನೂ ನಿಖರವಾಗಿ ಕತ್ತರಿಸುತ್ತದೆ, ನಿಜ. ಆದರೆ ಬ್ರಿಟನ್, ಫ್ರಾನ್ಸ್‌ಗಳ ದೊಡ್ಡ ಅಧ್ಯಯನಗಳು 2020ರಲ್ಲಿ ಪ್ರಕಟವಾದಾಗ, ಕೊನೆಗೆ ಸಿಗುವ ದೃಷ್ಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನಮ್ಮ ಮಲೆನಾಡಿನವರ ತೊಂದರೆ ಬೇರೆ. ಕೊಯ್ಲು ಮುಗೀಲಿ, ಮಳೆ ನಿಲ್ಲಲಿ ಎನ್ನುತ್ತ ಬರುವ ಹೊತ್ತಿಗೆ ಪೊರೆ ಕಂದು ಬಣ್ಣಕ್ಕೆ ತಿರುಗಿ ಕಲ್ಲಾಗಿರುತ್ತದೆ. ಅಂಥದ್ದಕ್ಕೆ ಅಲ್ಟ್ರಾಸೌಂಡ್ ಜಾಸ್ತಿ ಕೊಟ್ಟರೆ ಕಾರ್ನಿಯಾದ ಒಳಪದರದ ಕೋಶಗಳು ಸಾಯುತ್ತವೆ, ಅವು ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಅಲ್ಲಿ ಫೇಕೋ ಬಿಟ್ಟು, 6 ಮಿಲಿಮೀಟರ್ ಆಸುಪಾಸಿನ ಸೀಳಿನಿಂದ ಇಡೀ ಗಟ್ಟಿ ಭಾಗವನ್ನು ಹೊರತೆಗೆಯುತ್ತೇನೆ. ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ಇದನ್ನು "ಹಳೇ ಪದ್ಧತಿ" ಎಂದು ಯಾರಾದರೂ ಹೀಗಳೆದರೆ ನನಗೆ ಬೇಸರವಾಗುತ್ತದೆ.

ವಯಸ್ಸಾದ ಗಂಡಸರನ್ನು ತಪ್ಪದೇ ಕೇಳುವುದು, ಮೂತ್ರದ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ತಗೊಳ್ತೀರಾ ಎಂದು. ಅದರಿಂದ ಪಾಪೆ ಸರಿಯಾಗಿ ಅಗಲವಾಗದೆ ಇರಬಹುದು, ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಜೋಲು ಬೀಳಬಹುದು. ಐರಿಸ್ ಅಡ್ಡ ಇದ್ದರೆ ಲೇಸರ್ ಒಳಗೆ ಹೋಗದು. ಕಾರ್ನಿಯಾ ಮೊದಲೇ ದುರ್ಬಲವಾಗಿದ್ದು, ಪೊರೆ ತೀರಾ ಗಟ್ಟಿಯಾಗಿರದಿದ್ದರೆ ಮಾತ್ರ ಲೇಸರ್ ಇರುವ ಕಡೆ ನಾನೇ ಕಳಿಸುತ್ತೇನೆ.

ಉಳಿದವರಿಗೆ ಹೇಳುವುದಿಷ್ಟು: ಅಡಿಕೆ ಬೇಯಿಸುವ ಒಲೆಯ ಮುಂದೆ ಕೂರುವ ಕಾಲಕ್ಕೆ ಮುಂಚೆಯೇ ಬನ್ನಿ, ಡ್ರಾಪ್ಸ್ ಹಾಕಲು ಮನೆಯಲ್ಲಿ ಒಬ್ಬರನ್ನು ಗೊತ್ತು ಮಾಡಿಕೊಂಡು ಬನ್ನಿ.