ಕೀಲು ನೋಡಿ ಕೊಳ್ಳಿ

ಮೊಮ್ಮಗ ವಿದ್ಯಾನಗರದಲ್ಲಿ ಬಾಡಿಗೆ ಮನೆ ಮಾಡಿದ. ಮನೆ ಅಂದ ಮೇಲೆ ಸಾಮಾನು ಬೇಕಲ್ಲ ಅಂತ ಆನ್‌ಲೈನ್‌ನಲ್ಲಿ 40 ಪೀಸಿನ ಟೂಲ್ ಸೆಟ್ ತರಿಸಿದ. ಡಬ್ಬಿ ನೋಡಲು ಬಲು ಚೆಂದ, ಒಂದೊಂದಕ್ಕೂ ಒಂದೊಂದು ಗೂಡು. ಕ್ಯಾಲೆಂಡರ್ ಹಾಕಲು ಮೊಳೆ ಹೊಡೆಯುತ್ತಿದ್ದಾಗ ಮೂರನೇ ಏಟಿಗೆ ಸುತ್ತಿಗೆಯ ತಲೆ ಹಾರಿ ನೀರಿನ ಫಿಲ್ಟರ್‌ಗೆ ಬಡಿಯಿತು. ಕೈಯಲ್ಲಿ ಉಳಿದದ್ದು ಹಿಡಿ ಮಾತ್ರ. “ಜೋರಾಗಿ ಹೊಡೆದೆ ಅನ್ಸುತ್ತೆ ಅಜ್ಜಿ” ಅಂದ. ಸುತ್ತಿಗೆ ಇರೋದೇ ಹೊಡೆಯೋಕೆ ಅಲ್ವಾ ಮಗಾ, ಅಂದೆ.

ನಮ್ಮನೆಯವರು ಇದೇ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ಅಂಗಡಿಯಲ್ಲಿ ಯಾವ ಸಾಮಾನು ಕೈಗೆ ತಗೊಂಡರೂ ಮೊದಲು ಕೀಲು ನೋಡುತ್ತಿದ್ದರು. ಅಂದರೆ ಎರಡು ಭಾಗ ಕೂಡುವ ಜಾಗ. ಚಾಕುವಿಗೆ ಹಿಡಿ ಸೇರುವಲ್ಲಿ, ಇಸ್ತ್ರಿ ಪೆಟ್ಟಿಗೆಗೆ ವೈರ್ ಹೋಗುವಲ್ಲಿ, ಕೊಡೆಯ ಕಡ್ಡಿ ಮಡಚುವಲ್ಲಿ. ಸಾಮಾನು ಕೈಕೊಡುವುದು ಅಲ್ಲೇ. ಬಣ್ಣ, ಹೊಳಪು, ಪೀಸಿನ ಲೆಕ್ಕ ಎಲ್ಲ ಆಮೇಲೆ.

ಸುತ್ತಿಗೆಯನ್ನೇ ತಗೊಳ್ಳಿ. ಮರದ ಹಿಡಿಯದ್ದಾದರೆ ತಲೆಯ ಮೇಲ್ಗಡೆ ಕಾವಿನ ತುದಿ ಕಾಣಬೇಕು, ಅದರೊಳಗೆ ಬೆಣೆ ಹೊಡೆದಿರಬೇಕು. ಬೆಣೆ ಮರವನ್ನು ಅಗಲಿಸಿ ಕಬ್ಬಿಣಕ್ಕೆ ಒತ್ತಿ ಹಿಡಿಯುತ್ತದೆ. ಮೊಮ್ಮಗನ ಸುತ್ತಿಗೆಯಲ್ಲಿ ಬೆಣೆಯೇ ಇರಲಿಲ್ಲ, ಬರೀ ಅಂಟು. ಆಮೇಲೆ ಕಾವಿನ ಎಳೆ ನೋಡಿ. ಉದ್ದಕ್ಕೆ ಓಡಿರಬೇಕು. ಓರೆಯಾಗಿ ಅಡ್ಡ ಹೋಗಿದ್ದರೆ ಒಂದು ದಿನ ಅಲ್ಲೇ ಸೀಳುತ್ತದೆ. ಗುದ್ದಲಿ, ಕೊಡಲಿಗೆ ಜಾಲಿ ಮರದ ಕಾವು ಸಿಕ್ಕಿದರೆ ಬೇರೆ ಯೋಚನೆ ಬೇಡ.

ನಮ್ಮ ಕಡೆ ಬೇಸಿಗೆ ಒಣ ಬೇಸಿಗೆ. ಏಪ್ರಿಲ್ ಹೊತ್ತಿಗೆ ಎಂಥಾ ಗಟ್ಟಿ ಕಾವೂ ಕುಗ್ಗಿ ಲೊಡಲೊಡ ಅನ್ನುತ್ತದೆ. ಆಗ ಎಲ್ಲರೂ ಗುದ್ದಲಿಯನ್ನು ನೀರಿನಲ್ಲಿ ನೆನೆಹಾಕುತ್ತಾರೆ. ಅವತ್ತಿನ ಕೆಲಸಕ್ಕೆ ಅದು ಸರಿ. ಆದರೆ ನೀರು ಕುಡಿದ ಮರ ಉಬ್ಬುತ್ತದೆ, ಸುತ್ತ ಕಬ್ಬಿಣ ಇರುವುದರಿಂದ ಎಳೆಗಳು ಜಜ್ಜಿಹೋಗುತ್ತವೆ. ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಅದರ ಬದಲು ಇನ್ನೊಂದು ತೆಳು ಬೆಣೆ ಹೊಡೆಸಿ, ಕಾವಿಗೆ ಅಗಸೆ ಎಣ್ಣೆ ತಿಕ್ಕಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ. ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ಬೆಂಕಿ ಹತ್ತುವುದೂ ಉಂಟು. ಹೊರಗೆ ಹರಡಿ ಒಣಗಿಸಿ.

ಇನ್ನು ಈಳಿಗೆಮಣೆ. ನನ್ನದು ಮದುವೆಯಲ್ಲಿ ತವರಿನಿಂದ ಬಂದದ್ದು. ಒಮ್ಮೆ ಮನೆ ಮುಂದೆ ಸಾಣೆಯವನು ಬಂದ ಅಂತ ಕೊಟ್ಟೆ. ಕರೆಂಟಿನ ಚಕ್ರ, ದೀಪಾವಳಿ ಥರ ಕಿಡಿ. ನನಗೂ ಖುಷಿ. ವಾಪಸ್ ಬಂದಾಗ ಬಾಯಿಯ ಉದ್ದಕ್ಕೂ ನೀಲಿ ಬಣ್ಣ. ಎರಡು ದಿನ ಹೀರೇಕಾಯಿ ಬೆಣ್ಣೆಯ ಹಾಗೆ ಹೋಯಿತು, ಮೂರನೇ ದಿನ ಮೊಂಡು. ಗಂಡ ನೋಡಿ ತಲೆ ಚಚ್ಚಿಕೊಂಡರು. ಕುಲುಮೆಯಲ್ಲಿ ಉಕ್ಕನ್ನು ಕೆಂಪಗೆ ಕಾಯಿಸಿ, ಅದ್ದಿ, ಹದ ಕೊಟ್ಟಿರುತ್ತಾರೆ. ಚಕ್ರದ ಮೇಲೆ ಅದು ಸುಮಾರು 300 ಡಿಗ್ರಿ ಮುಟ್ಟಿದರೆ ನೀಲಿಯಾಗುತ್ತದೆ. ನೀಲಿ ಬಂತು ಅಂದರೆ ಹದ ಹೋಯಿತು ಅಂತ. ಈಗ ನಾನು ಸಾಣೆಯವನ ಪಕ್ಕ ಒಂದು ಚೊಂಬು ನೀರು ಇಟ್ಟು ಅಲ್ಲೇ ನಿಲ್ಲುತ್ತೇನೆ. ಒಂದು ಸಲ ಎಳೆದ, ನೀರಿಗೆ ಅದ್ದಿದ, ಮತ್ತೆ ಎಳೆದ. ಬೈಕೊಂಡರೆ ಬೈಕೊಳ್ಳಲಿ.

ಅಡುಗೆ ಚಾಕುವಿಗೆ ಸಾಣೆಯವನೂ ಬೇಕಿಲ್ಲ. ಪಿಂಗಾಣಿ ಕಪ್ಪನ್ನು ಬೋರಲು ಹಾಕಿದರೆ ಅಡಿಯಲ್ಲಿ ಹೊಳಪಿಲ್ಲದ ಒರಟು ಅಂಚು ಇರುತ್ತದೆ. ಚಾಕುವಿನ ಬೆನ್ನಿನ ಕೆಳಗೆ ಕಿರುಬೆರಳು ತೂರುವಷ್ಟು ಎತ್ತಿ, ಎರಡೂ ಕಡೆ ಹತ್ತು ಹತ್ತು ಸಲ ಎಳೆಯಿರಿ. ಟೊಮೇಟೊ ಸಿಪ್ಪೆ ಒತ್ತದೆ ಕುಯ್ದರೆ ಸಾಕು.

ಹಂಚಿನ ವಿಷಯಕ್ಕೆ ಸೊಸೆಗೂ ನನಗೂ ಒಮ್ಮೆ ಮಾತಾಗಿತ್ತು. “ದೋಸೆ ಏಳ್ತಾನೇ ಇಲ್ಲ ಅತ್ತೆ, ಹಂಚು ಸರಿ ಇಲ್ಲ” ಅಂದಳು. ಹಂಚು ಸರಿಯಾಗೇ ಇತ್ತು, ಆದರೆ ಅದರ ಮೇಲೆ ಹಿಂದಿನ ರಾತ್ರಿ ಜೋಳದ ರೊಟ್ಟಿ ಬೇಯಿಸಿದ್ದಳು. ಬೀಡು ಕಬ್ಬಿಣದ ಹಂಚಿಗೆ ಎಣ್ಣೆ ಹಚ್ಚಿ ಕಾಯಿಸುತ್ತಾ ಹೋದರೆ ಎಣ್ಣೆ ಗಟ್ಟಿಯಾಗಿ ಕಪ್ಪು ಪದರ ಕೂರುತ್ತದೆ. ದೋಸೆ ಏಳುವುದು ಆ ಪದರದಿಂದ. ರೊಟ್ಟಿಗೆ ಹಂಚು ಒಣಗಿ ಚೆನ್ನಾಗಿ ಕಾಯಬೇಕು, ಮೇಲೆ ನೀರು ಸವರಬೇಕು. ಆ ಬಿಸಿಗೆ ಪದರ ಸುಟ್ಟುಹೋಗುತ್ತದೆ. ಹಾಗಾಗಿ ಎರಡು ಹಂಚು ಇರಲಿ, ಇದು ದುಂದು ಅಲ್ಲ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಕಾವಲಿಯ ಹತ್ತಿರ ಐದು ನಿಮಿಷ ನಿಂತು ನೋಡಿ. ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸುತ್ತಾರೆ, ಅಷ್ಟೇ. ಪ್ರತಿ ದೋಸೆಗೂ ಸೋಪು, ಸ್ಟೀಲ್ ಉಜ್ಜು ಅಂತ ಕೂರುವುದಿಲ್ಲ. ಕಾದ ಹಂಚನ್ನು ನಲ್ಲಿ ಕೆಳಗೆ ಹಿಡಿಯುವುದೂ ಬೇಡ, ಬೀಡು ಬಿರುಕು ಬಿಡುತ್ತದೆ.

ಕುಕ್ಕರಿನ ಕೀಲು ಅಂದರೆ ಗ್ಯಾಸ್ಕೆಟ್. ಫ್ರೀಜರಿನಲ್ಲಿಟ್ಟರೆ ಬಿಗಿಯಾಗುತ್ತದೆ ಅಂತ ಜನ ಮಾಡುತ್ತಾರೆ, ಎರಡು ವಿಷಲ್‌ಗೆ ಮತ್ತೆ ಅದೇ ಕಥೆ. ಗಟ್ಟಿಯಾಯಿತೋ, ಬಿರಿಯಿತೋ, ಹೊಸದು ಹಾಕಿ. ಮುಚ್ಚಳದ ಸೇಫ್ಟಿ ವಾಲ್ವ್ ಒಳಗೆ ಬೇಗ ಕರಗುವ ಲೋಹ ಇರುತ್ತದೆ. ನೀರು ಬತ್ತಿ ಕುಕ್ಕರ್ ಕಾದರೆ ಅದು ಕರಗಿ ಆವಿಗೆ ದಾರಿ ಬಿಡುತ್ತದೆ. ನಮ್ಮ ಓಣಿಯಲ್ಲೊಬ್ಬರು ಆ ತೂತಿಗೆ ಅಂಟು ಮೆತ್ತಿ ಮೂರು ತಿಂಗಳು ಅನ್ನ ಮಾಡಿದ್ದರು. ಕೇಳಿ ನನಗೇ ಕೈ ನಡುಗಿತು. ಅದೇ ಕಂಪನಿಯ ವಾಲ್ವ್ ತಂದು ಹಾಕಿ. ಹೊಸ ಕುಕ್ಕರ್ ಕೊಳ್ಳುವಾಗ ಐಎಸ್‌ಐ ಗುರುತು, ಐಎಸ್ 2347 ಅಂತ ಇದೆಯಾ ನೋಡಿ. ಒಲೆಯ ಗ್ಯಾಸ್ ಪೈಪಿನ ಮೇಲೂ ವರ್ಷ ಅಚ್ಚಾಗಿರುತ್ತದೆ. 5 ವರ್ಷ ಆದರೆ ಬದಲಿಸಿ, ನೋಡಲು ಹೊಸದರ ಹಾಗಿದ್ದರೂ ಸರಿ.

ಮಿಕ್ಸಿ ನಿಂತುಹೋದರೆ ರಿಪೇರಿಗೆ ಓಡುವ ಮುಂಚೆ ಪ್ಲಗ್ ಕಿತ್ತು, ತಣ್ಣಗಾಗಲು ಬಿಟ್ಟು, ಬೋರಲು ಹಾಕಿ. ಹೆಚ್ಚಿನ ಮಿಕ್ಸಿಗಳ ಅಡಿಯಲ್ಲಿ ಒಂದು ಗುಂಡಿ ಇರುತ್ತದೆ, ಭಾರ ಜಾಸ್ತಿಯಾದರೆ ಹೊರಗೆ ಬರುತ್ತದೆ. ಒತ್ತಿದರೆ ಮುಗಿಯಿತು. ಟೆಸ್ಟರ್ ಹಿಡಿದರೆ ಮೊದಲು ಕರೆಂಟ್ ಇರುವ ಪಾಯಿಂಟ್‌ನಲ್ಲಿ ಉರಿಯುತ್ತಾ ನೋಡಿ. ಕೆಟ್ಟ ಟೆಸ್ಟರ್ ಕೂಡ ಉರಿಯುವುದಿಲ್ಲ. ಸುಮ್ನೆ ಇಟ್ಟ ಟಾರ್ಚಿನಿಂದ ಸೆಲ್ ತೆಗೆದಿಡಿ.

ಇವನ್ನೆಲ್ಲ ಯಾವಾಗ ನೋಡುವುದು ಅಂತ ಸೊಸೆ ಕೇಳುತ್ತಾಳೆ. ಆಯುಧ ಪೂಜೆ ಇದೆಯಲ್ಲ! ಹೇಗೂ ಎಲ್ಲವನ್ನೂ ಹೊರಗೆ ತೆಗೆಯುತ್ತೀರಿ. ತುಕ್ಕು ಉಜ್ಜಿ, ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು, ಆಮೇಲೆ ಪೂಜೆಗಿಡಿ. ಮಾರನೇ ದಿನ ಕುಂಕುಮ ಒರೆಸಿ ಒಳಗಿಡಿ. ಒದ್ದೆ ಕುಂಕುಮ ಕೂತಲ್ಲೇ ತುಕ್ಕು ಏಳುತ್ತದೆ, ನಿಂಬೆಹಣ್ಣಿನ ರಸ ಬಿದ್ದಿದ್ದರಂತೂ ಕೇಳಲೇಬೇಡಿ.

ಮೊಮ್ಮಗ ಈಗ ಅವನಜ್ಜನ ಸುತ್ತಿಗೆ, ಒಂದು ಪಾನಾ, ಎರಡು ಸ್ಕ್ರೂಡ್ರೈವರ್, ಒಂದು ಕಟಿಂಗ್ ಪ್ಲೇಯರ್ ತಗೊಂಡು ಹೋಗಿದ್ದಾನೆ. ಆ 40 ಪೀಸಿನ ಡಬ್ಬಿ ಇಲ್ಲೇ ಇದೆ. ಗೂಡುಗಳು ನಿಜಕ್ಕೂ ಚೆನ್ನಾಗಿವೆ, ನನ್ನ ಸೂಜಿ, ದಾರ, ಗುಂಡಿ ಎಲ್ಲ ಹಿಡಿಸಿದವು.