ಒಂದೇ ವರ್ಷ ನಾಲ್ಕೈದು ಎಪಿ: ಹೊರೆ ಹೊರುವ ಲೆಕ್ಕಾಚಾರ

ಅಮೆರಿಕದ ಹೈಸ್ಕೂಲಿನಲ್ಲಿ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಅಂದರೆ ಕಾಲೇಜು ಮಟ್ಟದ ಎಪಿ ತರಗತಿಗಳನ್ನು ಆರಿಸುವ ಮುಂಚೆ ಒಂದು ಹಾಳೆಯ ಮೇಲೆ ಗಂಟೆ ಎಣಿಸಿ. ರಾತ್ರಿ ಹತ್ತೂವರೆಗೆ ಮಲಗಿ ಆರೂವರೆಗೆ ಎದ್ದರೆ 8 ಗಂಟೆ ನಿದ್ದೆ. ಹದಿಹರೆಯದವರಿಗೆ ಅದು ಕನಿಷ್ಠ. ಶಾಲೆ, ಓಡಾಟ, ಆಟ ಅಥವಾ ಕ್ಲಬ್ಬು, ಊಟ, ಸ್ನಾನ ಕಳೆದರೆ ಶಾಲೆಯ ದಿನ ಓದಿಗೆ ಸಿಗುವುದು ಸುಮಾರು 3 ಗಂಟೆ. ಐದು ದಿನಕ್ಕೆ 15, ಶನಿವಾರ ಭಾನುವಾರ ಸೇರಿ 10, ಒಟ್ಟು 25. ಒಂದೊಂದು ಎಪಿಗೆ ವಾರಕ್ಕೆ 5 ಗಂಟೆ ಹೋಮ್‌ವರ್ಕ್ ಎಂದು ಹಿಡಿದರೆ ಐದು ಎಪಿಗೇ 25 ಖಾಲಿ, ಉಳಿದ ವಿಷಯಗಳಿಗೆ ಚೂರೂ ಇಲ್ಲ. ಆ ಕೊರತೆ ತುಂಬುವುದು ನಿದ್ದೆಯಿಂದಲೇ. 5 ಗಂಟೆ ಎಂಬುದು ಅಂದಾಜಷ್ಟೇ. ಮೊದಲ ಎರಡು ವಾರ ನಿಜವಾಗಿ ಹಿಡಿದ ಸಮಯ ಬರೆದಿಟ್ಟು ತಿದ್ದಿಕೊಳ್ಳಿ.

ಎಷ್ಟು ಎಪಿ ಎನ್ನುವಷ್ಟೇ ಮುಖ್ಯ, ಯಾವುದರ ಜೊತೆ ಯಾವುದು ಎನ್ನುವುದು. ಯು.ಎಸ್. ಹಿಸ್ಟರಿ, ಇಂಗ್ಲಿಷ್ ಲ್ಯಾಂಗ್ವೇಜ್ ಎರಡರಲ್ಲೂ ಓದು, ಪ್ರಬಂಧ. ಕೆಮಿಸ್ಟ್ರಿ, ಬಯಾಲಜಿ ಎರಡರಲ್ಲೂ ಲ್ಯಾಬ್ ರಿಪೋರ್ಟು. ಒಂದೇ ಜಾತಿಯ ಕೆಲಸ ಒಂದೇ ವಾರ ಬಂದು ಡಿಕ್ಕಿ ಹೊಡೆಯುತ್ತದೆ. ಹಾಗಾಗಿ ಸೆಮಿಸ್ಟರ್‌ ಶುರುವಿನಲ್ಲೇ ಎಲ್ಲ ಸಿಲಬಸ್‌ಗಳ ಟೆಸ್ಟು, ಸಬ್‌ಮಿಷನ್ ದಿನಾಂಕಗಳನ್ನು ಒಂದೇ ಕ್ಯಾಲೆಂಡರಿಗೆ ಇಳಿಸಿ. ಮೂರು ಟೆಸ್ಟು ಒಂದೇ ವಾರ ಕಂಡರೆ ಟೀಚರ್ ಹತ್ತಿರ ಎರಡು ವಾರ ಮೊದಲೇ ಮಾತಾಡಿ. ಹಿಂದಿನ ರಾತ್ರಿ ಕಳಿಸಿದ ಇಮೇಲಿಗೆ ಬೆಲೆಯಿಲ್ಲ.

ದಿನದ ಮೂರು ಗಂಟೆಯಲ್ಲಿ ಲೆಕ್ಕದ ವಿಷಯ ಮೊದಲು, ಓದುವ ವಿಷಯ ನಂತರ. ಕ್ಯಾಲ್ಕುಲಸ್, ಫಿಸಿಕ್ಸ್‌ಗಳನ್ನು ದಿನಾ 40 ನಿಮಿಷ ಮುಟ್ಟಬೇಕು. ಭಾನುವಾರ ನಾಲ್ಕು ಗಂಟೆ ಕೂತರೆ ಅದಕ್ಕೆ ಸಮವಲ್ಲ, ಏಕೆಂದರೆ ಸೋಮವಾರದ ಪಾಠ ಅರ್ಥವಾಗದೆ ಮಂಗಳವಾರದ್ದು ತಲೆಗೆ ಹೋಗುವುದಿಲ್ಲ. ಒಂದು ಲೆಕ್ಕದಲ್ಲಿ 20 ನಿಮಿಷ ಸಿಕ್ಕಿಬಿದ್ದರೆ ಎಲ್ಲಿ ನಿಂತಿತು ಎಂದು ಒಂದು ಸಾಲು ಬರೆದು ಮುಂದಿನದಕ್ಕೆ ಹೋಗಿ. ಮರುದಿನ ಟೀಚರಿಗೆ ಕೇಳಬೇಕಾದ ಪ್ರಶ್ನೆ ಆ ಸಾಲೇ.

ಹಿಸ್ಟರಿಯ 30 ಪುಟದ ಅಧ್ಯಾಯವನ್ನು ಮೊದಲಿಂದ ಕೊನೆವರೆಗೆ ಎಳೆಯಬೇಡಿ. ಶೀರ್ಷಿಕೆಗಳನ್ನೂ ಕೊನೆಯ ಪ್ರಶ್ನೆಗಳನ್ನೂ ಐದು ನಿಮಿಷ ನೋಡಿ, ಹತ್ತು ಪುಟ ಓದಿ, ಪುಸ್ತಕ ಮುಚ್ಚಿ ಮೂರು ಸಾಲು ಬರೆಯಿರಿ. ಹೈಲೈಟರ್‌ನಿಂದ ಪುಟವನ್ನೆಲ್ಲ ಹಳದಿ ಮಾಡುವುದು ಮೋಸದ ಕೆಲಸ: ಮತ್ತೆ ನೋಡಿದಾಗ ಪರಿಚಿತ ಅನ್ನಿಸುತ್ತದೆ, ಪರೀಕ್ಷೆಯಲ್ಲಿ ನೆನಪಿಗೆ ಬರುವುದಿಲ್ಲ. ಬರೆದ ಸಾಲುಗಳನ್ನು 1, 3, 7, 21ನೇ ದಿನ ನೋಡದೆ ಹೇಳಿಕೊಳ್ಳಿ. ಲ್ಯಾಬ್ ರಿಪೋರ್ಟಿನ ವಿಧಾನ, ಅಳತೆಗಳ ಟೇಬಲ್ ಅದೇ ಸಂಜೆ ಮುಗಿಯಲಿ. ವಾರ ಬಿಟ್ಟರೆ ದುಪ್ಪಟ್ಟು ಹೊತ್ತು.

ಪರೀಕ್ಷೆ ಮೇ ತಿಂಗಳ ಮೊದಲೆರಡು ವಾರ. ವರ್ಷಪೂರ್ತಿ ಕೋರ್ಸಿನ ಪರೀಕ್ಷೆಗೆ ಹೆಸರು ಕೊಡುವ ಗಡುವು ನವೆಂಬರಿನಲ್ಲೇ ಬರುತ್ತದೆ. ಆಗಲೇ ವೇಳಾಪಟ್ಟಿ ನೋಡಿ, ಒಂದೇ ದಿನ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಇರಬಹುದು. ಮಾರ್ಚ್ ಮಧ್ಯದಿಂದ ವಾರಕ್ಕೊಂದು ಹಳೆಯ ಫ್ರೀ ರೆಸ್ಪಾನ್ಸ್, ಅಂದರೆ ಉತ್ತರ ಬರೆಯಬೇಕಾದ ಪ್ರಶ್ನೆಯನ್ನು ಗಡಿಯಾರ ಇಟ್ಟು ಬರೆಯಿರಿ. ಎಪಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ತನ್ನ ವೆಬ್‌ಸೈಟಿನಲ್ಲಿ ಪ್ರಶ್ನೆಗಳ ಜೊತೆ ಅಂಕ ಕೊಡುವ ಕ್ರಮವನ್ನೂ ಹಾಕಿದೆ. ನಿಮ್ಮ ಉತ್ತರಕ್ಕೆ ಆ ಕ್ರಮದಲ್ಲಿ ನೀವೇ ಅಂಕ ಹಾಕಿದಾಗಲೇ ಎಲ್ಲಿ ಪಾಯಿಂಟ್ ಸೋರುತ್ತಿದೆ ಎಂದು ಗೊತ್ತಾಗುವುದು.

ಸತತ ಮೂರು ವಾರ, ವಾರಕ್ಕೆ ನಾಲ್ಕು ರಾತ್ರಿ ನಿದ್ದೆ 7 ಗಂಟೆಗಿಂತ ಕಡಿಮೆಯಾದರೆ ಒಂದು ಎಪಿ ಬಿಡುವ ಮಾತನ್ನು ಶಾಲೆಯ ಕೌನ್ಸೆಲರ್ ಜೊತೆ ಆಡಿ. ಡ್ರಾಪ್ ಮಾಡುವ ಗಡುವು ಶಾಲೆಯಿಂದ ಶಾಲೆಗೆ ಬೇರೆ. ತಡವಾದರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದರೆ ಶಾಲೆಯ ಅಂಕಪಟ್ಟಿಯಲ್ಲಿ, ಗುರುತು ಉಳಿಯಬಹುದು. ಅಂಕ ಕಡಿಮೆ ಬಂದದ್ದನ್ನೇ ಬಿಡಬೇಕೆಂದಿಲ್ಲ. ಹೆಚ್ಚು ಗಂಟೆ ನುಂಗುವ, ಬೇರೆ ಯಾವುದಕ್ಕೂ ಆಧಾರವಲ್ಲದ ವಿಷಯ ಯಾವುದು ನೋಡಿ. ಕ್ಯಾಲ್ಕುಲಸ್ ಕೈಬಿಟ್ಟರೆ ಅದನ್ನೇ ಬಳಸುವ ಫಿಸಿಕ್ಸ್ ಸಿ ಕೂಡ ಕುಸಿಯುತ್ತದೆ. ಕ್ಯಾಲ್ಕುಲಸ್‌ನ ದೊಡ್ಡ ಕೋರ್ಸು BC ಭಾರವಾದರೆ, ಶಾಲೆ ಒಪ್ಪುವುದಾದರೆ, ಚಿಕ್ಕದಾದ AB ಕೋರ್ಸಿಗೆ ಇಳಿಯಬಹುದು, ABಯ ಪಾಠವೆಲ್ಲ BCಯ ಒಳಗೇ ಇರುವುದರಿಂದ ಕಲಿತದ್ದು ವ್ಯರ್ಥವಾಗದು.