ಕಾಸರಗೋಡಿನ ಸರಕಾರಿ ಶಾಲೆಯಲ್ಲಿ ಎಂಟರಿಂದ ಪ್ಲಸ್ ಟುವರೆಗೆ: ಹೊಸಬರಿಗೆ ಮಾರ್ಗದರ್ಶಿ

ವರ್ಗಾವಣೆಯಾಗಿ ಬಂದವರು, ತೋಟ ಕೊಂಡು ಬಂದವರು, ಗಲ್ಫ್ ಬಿಟ್ಟು ಊರಿಗೆ ಮರಳಿದವರು, ಮೇ ತಿಂಗಳಾಯಿತೆಂದರೆ ಎಲ್ಲರೂ ನಮ್ಮ ಸಂಘಕ್ಕೆ ಫೋನ್ ಮಾಡಿ ಕೇಳುವುದು ಒಂದೇ: "ಇಲ್ಲಿ ಪಿಯುಸಿ ಎಲ್ಲಿದೆ?" ಕೇರಳದಲ್ಲಿ ಪಿಯು ಕಾಲೇಜು ಇಲ್ಲ. ಹನ್ನೊಂದು, ಹನ್ನೆರಡನೇ ತರಗತಿಗಳು ಶಾಲೆಯಲ್ಲೇ ನಡೆಯುತ್ತವೆ. ಪ್ಲಸ್ ವನ್, ಪ್ಲಸ್ ಟು ಎನ್ನುತ್ತೇವೆ. ಶಾಲೆಯ ಬೋರ್ಡಿನಲ್ಲಿ ಜಿಎಚ್‌ಎಸ್‌ಎಸ್ ಎಂದಿದ್ದರೆ ಹೈಯರ್ ಸೆಕೆಂಡರಿ ಇದೆ. ಜಿವಿಎಚ್‌ಎಸ್‌ಎಸ್ ಎಂದಿದ್ದರೆ ವೃತ್ತಿಪರ ವಿಭಾಗ, ಅಂದರೆ ವಿಎಚ್‌ಎಸ್‌ಇ, ಇದೆ. ಕೆಲವು ಕಡೆ ಒಂದೇ ಆವರಣದಲ್ಲಿ ಎರಡೂ ಸಿಗುತ್ತವೆ.

ಹೈಸ್ಕೂಲು ಎಂಟರಿಂದ ಶುರು. ಕನ್ನಡ ಮಾಧ್ಯಮದ ಮಕ್ಕಳ ಹೆತ್ತವರು ಹೆದರಬೇಕಾಗಿಲ್ಲ. ಹತ್ತರವರೆಗೆ ಗಣಿತ, ವಿಜ್ಞಾನ, ಸಮಾಜವಿಜ್ಞಾನಕ್ಕೆಲ್ಲ ಕೇರಳ ಸರಕಾರದ್ದೇ ಕನ್ನಡ ಪಠ್ಯಪುಸ್ತಕಗಳಿವೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನೂ ಕನ್ನಡದಲ್ಲೇ ಬರೆಯಬಹುದು. ಕರ್ನಾಟಕದಿಂದ ಬಂದ ಮಕ್ಕಳಿಗೆ ಗಾಬರಿಯಾಗುವುದು ಪರೀಕ್ಷೆಗಳ ಸಂಖ್ಯೆ ಕಂಡು. ಅಲ್ಲಿ ಆರು ವಿಷಯ, 625 ಅಂಕ. ಇಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಬೇರೆ ಬೇರೆ, ಮೊದಲ ಭಾಷೆಗೇ ಎರಡು ಪತ್ರಿಕೆ, ಮೇಲಿಂದ ಐಟಿ. ಒಟ್ಟು ಹತ್ತು. ಐಟಿ ಪರೀಕ್ಷೆಯನ್ನು ಕಂಪ್ಯೂಟರ್ ಮುಂದೆ ಕೂತು ಮಾಡಿ ತೋರಿಸಬೇಕು, ಅದೂ ಲಿನಕ್ಸ್‌ನಲ್ಲಿ. ಆದ್ದರಿಂದ ಸಾಧ್ಯವಾದರೆ ಎಂಟಕ್ಕೋ ಒಂಬತ್ತಕ್ಕೋ ಸೇರಿಸಿ. ನೇರ ಹತ್ತಕ್ಕೆ ತಂದರೆ ಮಗುವಿಗೆ ಉಸಿರಾಡಲೂ ಪುರುಸೊತ್ತು ಸಿಗುವುದಿಲ್ಲ.

ಕೈಕೆಲಸದಲ್ಲಿ ಆಸಕ್ತಿಯಿರುವ ಮಕ್ಕಳಿಗೆ ಮೊಗ್ರಾಲ್ ಪುತ್ತೂರು ಮತ್ತು ಚೆರುವತ್ತೂರಿನಲ್ಲಿ ಸರಕಾರಿ ಟೆಕ್ನಿಕಲ್ ಹೈಸ್ಕೂಲುಗಳಿವೆ. ಅಲ್ಲಿಗೆ ಎಂಟರಲ್ಲೇ ಸೇರಬೇಕು. ಮಾಧ್ಯಮ ಇಂಗ್ಲಿಷ್.

ಪ್ಲಸ್ ವನ್‌ನಲ್ಲಿ ಏನೇನಿದೆ

ಸಯನ್ಸ್, ಕಾಮರ್ಸ್, ಹ್ಯುಮಾನಿಟೀಸ್. ಇಂಗ್ಲಿಷ್, ಒಂದು ಎರಡನೇ ಭಾಷೆ, ನಾಲ್ಕು ಐಚ್ಛಿಕ ವಿಷಯ, ಹೀಗೆ ಆರು. ಇಡೀ ಕೇರಳದಲ್ಲಿ 45 ಬಗೆಯ ಸಂಯೋಜನೆಗಳಿದ್ದರೂ ಒಂದು ಶಾಲೆಯಲ್ಲಿ ಸಿಗುವುದು ಬೆರಳೆಣಿಕೆಯಷ್ಟೆ. ಸಯನ್ಸ್ ಇದೆ ಎಂದ ಮಾತ್ರಕ್ಕೆ ಜೀವಶಾಸ್ತ್ರ ಇದೆ ಎಂದುಕೊಳ್ಳಬೇಡಿ. ಅದರ ಬದಲು ಕಂಪ್ಯೂಟರ್ ಸಯನ್ಸ್ ಇರುವ ಬ್ಯಾಚೂ ಇರುತ್ತದೆ. ಎರಡನೇ ಭಾಷೆಯಾಗಿ ಕನ್ನಡ ಇದೆಯೇ ಎಂದು ಶಾಲೆಗೇ ಹೋಗಿ ಕೇಳಿ. ಹತ್ತರವರೆಗೆ ಕನ್ನಡ ಕಲಿಸುವ ಶಾಲೆಯಲ್ಲೂ ಪ್ಲಸ್ ವನ್‌ಗೆ ಕನ್ನಡ ಅಧ್ಯಾಪಕರ ಹುದ್ದೆ ಇರಲೇಬೇಕೆಂದಿಲ್ಲ.

ಪಾಠದ ಮಾಧ್ಯಮ ಇಂಗ್ಲಿಷ್. ಉತ್ತರವನ್ನು ಕನ್ನಡದಲ್ಲೂ ಬರೆಯಲು ಅವಕಾಶವಿದೆ. ಕನ್ನಡ ಮಾಧ್ಯಮದಿಂದ ಬಂದ ಮಗು ಮೊದಲ ಕೆಲವು ತಿಂಗಳು ತಡವರಿಸಿದರೆ ಬೈಯಬೇಡಿ, ಟ್ಯೂಷನ್‌ಗೆ ಓಡಿಸುವ ಮೊದಲು ಅದೇ ಶಾಲೆಯ ಕನ್ನಡ ಬಲ್ಲ ಅಧ್ಯಾಪಕರನ್ನು ಕಂಡು ಮಾತಾಡಿ.

ಇನ್ನೊಂದು ಮುಖ್ಯ ಸಂಗತಿ. ಪ್ರಥಮ ಪಿಯುಸಿಯಂತೆ ಪ್ಲಸ್ ವನ್ನನ್ನು ಹಗುರವಾಗಿ ತೆಗೆದುಕೊಂಡವರು ಆಮೇಲೆ ಪರದಾಡುತ್ತಾರೆ. ಇಲ್ಲಿ ಎರಡೂ ವರ್ಷ ಪಬ್ಲಿಕ್ ಪರೀಕ್ಷೆ. ಎರಡನ್ನೂ ಕೂಡಿಸಿ ಒಂದೊಂದು ವಿಷಯಕ್ಕೆ 200ರಂತೆ ಒಟ್ಟು 1200 ಅಂಕ. ಮೊದಲ ವರ್ಷದ ಅಂಕ ಕಡಿಮೆಯಾದರೆ ಇಂಪ್ರೂವ್‌ಮೆಂಟ್ ಪರೀಕ್ಷೆ ಇದೆ ನಿಜ, ಆದರೆ ಆಗ ಪ್ಲಸ್ ಟು ಪಾಠದ ಜೊತೆಗೆ ಹಳೆಯದನ್ನೂ ಹೊರಬೇಕಾಗುತ್ತದೆ.

ವಿಎಚ್‌ಎಸ್‌ಇ ಬಗ್ಗೆ ಸ್ವಲ್ಪ ವಿವರವಾಗಿ

"ಮಾರ್ಕು ಕಡಿಮೆ ಬಂದವರಿಗೆ ವಿಎಚ್‌ಎಸ್‌ಇ" ಎಂಬ ಮಾತು ನಿಮ್ಮ ಕಿವಿಗೂ ಬೀಳಬಹುದು. ಅದನ್ನು ನಂಬಿ ಮಕ್ಕಳ ದಾರಿ ತಪ್ಪಿಸಬೇಡಿ. ಕೇರಳದಲ್ಲಿ ಈ ವಿಭಾಗ 1983-84ರಲ್ಲಿ ಆರಂಭವಾಯಿತು. ಈಗ 389 ಶಾಲೆಗಳಲ್ಲಿದೆ. ನಮ್ಮ ಜಿಲ್ಲೆಯಲ್ಲಿ ಕುಂಜತ್ತೂರು, ಮೊಗ್ರಾಲ್, ಕಾರಡ್ಕ, ಮುಳ್ಳೇರಿಯ ಮೊದಲಾದ ಕಡೆ ಇದೆ. ಇಂಗ್ಲಿಷ್, ಉದ್ಯಮಶೀಲತೆಯ ಪಾಠ, ಒಂದು ಕೌಶಲ ಕೋರ್ಸು, ಜೊತೆಗೆ ಮೂರು ಸಾಮಾನ್ಯ ವಿಷಯ. ಕೌಶಲ ಕೋರ್ಸುಗಳೆಂದರೆ ಹೈನುಗಾರಿಕೆ, ತೋಟಗಾರಿಕೆ, ಮನೆ ವಯರಿಂಗ್, ವಾಹನ ರಿಪೇರಿ, ಸಾಫ್ಟ್‌ವೇರ್, ಉಡುಪು ವಿನ್ಯಾಸ, ಹೀಗೆ ಹಲವು. ಶಾಲೆಯಿಂದ ಶಾಲೆಗೆ ಬೇರೆ. ಕೊನೆಗೆ ಪ್ಲಸ್ ಟುಗೆ ಸಮಾನವಾದ ಸರ್ಟಿಫಿಕೇಟಿನ ಜೊತೆ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಸರ್ಟಿಫಿಕೇಟೂ ಕೈಗೆ ಬರುತ್ತದೆ. ಡಿಗ್ರಿಗೆ ಹೋಗಲು ಅಡ್ಡಿಯಿಲ್ಲ. ಭೌತ, ರಸಾಯನ, ಜೀವಶಾಸ್ತ್ರದ ಗುಂಪಿನಲ್ಲಿ ಕಲಿತವರು ನೀಟ್ ಕೂಡ ಬರೆಯಬಹುದು.

ಶಾಲೆಗೆ ಹೋದಾಗ ಲ್ಯಾಬ್ ತೋರಿಸಿ ಎಂದು ಕೇಳಿ, ಮಗುವನ್ನೂ ಕರೆದುಕೊಂಡು ಹೋಗಿ. ವಯರಿಂಗ್ ಕಲಿಸುವ ಕೋಣೆಯಲ್ಲಿ ಗೋಡೆಗೆ ನಿಲ್ಲಿಸಿದ ಹಲಗೆಗಳ ಮೇಲೆ ಮಕ್ಕಳೇ ಜೋಡಿಸಿದ ಸ್ವಿಚ್ಚು, ಹೋಲ್ಡರ್, ಮೀಟರುಗಳಿರುತ್ತವೆ. ಫೇಸಿಗೆ ಕೆಂಪು, ನ್ಯೂಟ್ರಲ್‌ಗೆ ಕಪ್ಪು, ಅರ್ತಿಗೆ ಹಸಿರು ವಯರು. ಅದನ್ನು ಕಂಡು ನಿಮ್ಮ ಮಗಳು ಟೆಸ್ಟರಿಗೆ ಕೈ ಚಾಚಿದಳೋ, ಬಾಗಿಲ ಹೊರಗೇ ನಿಂತಳೋ, ಅದಕ್ಕಿಂತ ದೊಡ್ಡ ಸಲಹೆಯನ್ನು ಯಾವ ಕರಿಯರ್ ಗೈಡೆನ್ಸ್‌ನವರೂ ಕೊಡಲಾರರು.

ಎರಡು ಎಚ್ಚರಿಕೆ ಮಾತ್ರ. ವಿಎಚ್‌ಎಸ್‌ಇಯಲ್ಲಿ ಎರಡನೇ ಭಾಷೆ ಇಲ್ಲ, ಹಾಗಾಗಿ ಕನ್ನಡ ಹತ್ತರಲ್ಲೇ ನಿಂತುಹೋಗುತ್ತದೆ. ಮುಂದೆ ಕನ್ನಡ ಅಧ್ಯಾಪಕಿಯಾಗಬೇಕು, ಪತ್ರಿಕೆಯಲ್ಲಿ ಕೆಲಸ ಮಾಡಬೇಕು ಎಂಬ ಆಸೆಯಿದ್ದರೆ ಕನ್ನಡ ಇರುವ ಹ್ಯುಮಾನಿಟೀಸ್ ಒಳ್ಳೆಯದು. ಆಮೇಲೆ ವಿದ್ಯಾನಗರದ ಸರಕಾರಿ ಕಾಲೇಜಿನಲ್ಲಿ ಕನ್ನಡ ಬಿಎ, ಎಂಎ ಎರಡೂ ಇವೆ. ಎರಡನೆಯದು, ಕೌಶಲ ಕೋರ್ಸಿನ ಜೊತೆ ಬರುವ ಸಾಮಾನ್ಯ ವಿಷಯಗಳ ಗುಂಪನ್ನು ಗಮನಿಸಿ. ಗಣಿತವಿಲ್ಲದ ಗುಂಪು ಸೇರಿ ಆಮೇಲೆ ಎಂಜಿನಿಯರಿಂಗ್ ಎಂದರೆ ಆಗದು.

ಅರ್ಜಿ, ಅಲೋಟ್‌ಮೆಂಟ್

ಪ್ಲಸ್ ವನ್ ಸೀಟು ಏಕಗವಾಕ್ಷಿ ಪದ್ಧತಿಯಲ್ಲಿ, ಅಂದರೆ ಜಿಲ್ಲೆಯ ಶಾಲೆಗಳಿಗೆಲ್ಲ ಒಂದೇ ಅರ್ಜಿ, ಆನ್‌ಲೈನಿನಲ್ಲಿ. ವಿಎಚ್‌ಎಸ್‌ಇಗೆ ಬೇರೆ ಅರ್ಜಿ, ಎರಡನ್ನೂ ಹಾಕಬಹುದು. ಶಾಲೆಯ ಹೆಲ್ಪ್ ಡೆಸ್ಕಿನಲ್ಲೋ ಸರಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲೋ ಹಾಕಿಸಬಹುದು. ಒಟಿಪಿ ಬರುವ ಮೊಬೈಲ್ ನಂಬರು ಪ್ರವೇಶ ಮುಗಿಯುವವರೆಗೂ ಚಾಲ್ತಿಯಲ್ಲಿರಲಿ. ಬಿಟ್ಟುಬಿಡಲಿರುವ ಹಳೆಯ ಸಿಮ್ಮಿನ ನಂಬರು ಕೊಡಬೇಡಿ.

ಆಯ್ಕೆ ಎಂದರೆ ಶಾಲೆ ಮತ್ತು ಕೋರ್ಸು ಎರಡೂ ಸೇರಿ ಒಂದು. ನಿಜವಾಗಿ ಬೇಕಾದ್ದನ್ನೇ ಮೊದಲು ಬರೆಯಿರಿ, ಬಸ್ಸಿಲ್ಲದ ಶಾಲೆಯನ್ನು ಸುಮ್ಮನೆ ತುಂಬಿಸಬೇಡಿ. ಮೊದಲು ಟ್ರಯಲ್ ಅಲೋಟ್‌ಮೆಂಟ್, ಅಂದರೆ ಸೀಟು ಹಂಚಿಕೆಯ ಪ್ರಾಯೋಗಿಕ ಪಟ್ಟಿ, ಬರುತ್ತದೆ, ತಪ್ಪು ತಿದ್ದಲು ಅದೇ ಸಮಯ. ಆಮೇಲೆ ಮೊದಲ ಆಯ್ಕೆಯೇ ಸಿಕ್ಕಿದರೆ ಶುಲ್ಕ ಕಟ್ಟಿ ಖಾಯಂ ಪ್ರವೇಶ ಪಡೆಯಲೇಬೇಕು. ಕೆಳಗಿನ ಆಯ್ಕೆ ಸಿಕ್ಕಿದರೆ ಶುಲ್ಕವಿಲ್ಲದೆ ತಾತ್ಕಾಲಿಕ ಪ್ರವೇಶ ಪಡೆದು ಮುಂದಿನ ಅಲೋಟ್‌ಮೆಂಟಿಗೆ ಕಾಯಬಹುದು. "ಇದು ಬೇಡ, ಮುಂದಿನದು ನೋಡೋಣ" ಎಂದು ಶಾಲೆಗೆ ಹೋಗದೆ ಕೂತರೆ ಮಗು ಸರದಿಯಿಂದಲೇ ಹೊರಬೀಳುತ್ತದೆ.

ಶಾಲೆ ಇರುವ ಪಂಚಾಯತು, ತಾಲೂಕಿನವರಿಗೆ ಬೋನಸ್ ಅಂಕ ಇರುವುದರಿಂದ ರೇಷನ್ ಕಾರ್ಡನ್ನು ಆದಷ್ಟು ಬೇಗ ಇಲ್ಲಿಗೆ ವರ್ಗಾಯಿಸಿಕೊಳ್ಳಿ. ಜಾತಿ ಸರ್ಟಿಫಿಕೇಟಿನ ವಿಚಾರ ಅರ್ಜಿಗೆ ಮೊದಲೇ ವಿಲೇಜ್ ಆಫೀಸಿನಲ್ಲಿ ವಿಚಾರಿಸಿ. ವಯಸ್ಸು ಆ ವರ್ಷದ ಜೂನ್ 1ಕ್ಕೆ 15 ತುಂಬಿರಬೇಕು, 20 ಮೀರಿರಬಾರದು. ಕೇರಳದ ಎಸ್‌ಎಸ್‌ಎಲ್‌ಸಿ ಪಾಸಾದವರಿಗೆ ಕನಿಷ್ಠ ವಯಸ್ಸಿನ ಈ ನಿಯಮ ಇಲ್ಲ, ಹೊರಗಿನಿಂದ ಬಂದವರಿಗೆ ಇದೆ.

ಮುಂದೆ ಮಂಗಳೂರಿಗೆ ಕಳಿಸುವ ಯೋಚನೆಯಿದ್ದರೆ

ಕರ್ನಾಟಕದಲ್ಲಿ ಏಳು ವರ್ಷ ಕಲಿತು ಅಲ್ಲಿಯೇ ಎಸ್‌ಎಸ್‌ಎಲ್‌ಸಿ ಪಾಸಾದ ಮಗು ಪ್ಲಸ್ ಟು ಇಲ್ಲಿ ಮಾಡಿದರೂ ಅಲ್ಲಿನ ಸಿಇಟಿಗೆ ಅರ್ಹತೆ ಉಳಿಸಿಕೊಳ್ಳುತ್ತದೆ. ಅದಕ್ಕೆ ಬಿಇಒ ಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಬೇಕು. ಟಿಸಿ ತೆಗೆಯುವ ದಿನವೇ ಹಳೆಯ ಶಾಲೆಗಳಿಂದ ಅದನ್ನೂ ಮಾಡಿಸಿಕೊಂಡು ಬನ್ನಿ. ಚಿಕ್ಕ ಮಕ್ಕಳಿರುವವರಿಗೆ ಅಲ್ಲಿನ ಸಿಇಟಿಯಲ್ಲೇ ಗಡಿನಾಡ ಕನ್ನಡಿಗರ ಮೀಸಲಾತಿ ಇದೆ. ಇಲ್ಲಿ ಏಳು ವರ್ಷ ಕಲಿತಿರಬೇಕು, ಕನ್ನಡ ಪರೀಕ್ಷೆಯಲ್ಲಿ ಪಾಸಾಗಬೇಕು.

ಅರ್ಜಿ ಸಲ್ಲಿಸುವ ಗುಂಡಿ ಒತ್ತುವ ಮೊದಲು ಆಯ್ಕೆಗಳ ಪಟ್ಟಿಯನ್ನು ಒಂದು ಕಾಗದದಲ್ಲಿ ಬರೆದುಕೊಂಡು ಸಂಘಕ್ಕೆ ಬನ್ನಿ. ಇಲ್ಲಿನ ಶಾಲೆಗಳಲ್ಲಿ ಕಲಿಸಿದ ನಿವೃತ್ತ ಅಧ್ಯಾಪಕರು ನಮ್ಮಲ್ಲಿದ್ದಾರೆ, ಮಗುವಿನ ಎದುರಿಗೇ ಕೂತು ನೋಡಿಕೊಡುತ್ತಾರೆ.